‘ಸಸ್ಪಿರಿಯಾ’ದ ಹಳೆ ಡಿಸ್ಕ್ ಮಾರಬೇಕಾ, ಇಟ್ಟುಕೊಳ್ಳಬೇಕಾ?

ಗುಬ್ಬಿ ಗೇಟ್:
ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಡಿಸ್ಕ್ ಕೂಡಿಸುವವರಿಗೆ ಒಂದು ಪ್ರಶ್ನೆ. ಇಟಲಿಯ ಡಾರಿಯೊ ಅರ್ಜೆಂಟೊ ಅವರ ಹಾರರ್ ಸಿನಿಮಾಗಳು ನನ್ನ ಹತ್ತಿರ ಹೆಚ್ಚುಕಮ್ಮಿ ಎಲ್ಲ ಇವೆ. ‘ಸಸ್ಪಿರಿಯಾ’ (1977) ಅಂತೂ ಮೂರು ಥರ ಇದೆ. ಒಂದು ಹಳೆಯ ಡಿವಿಡಿ, ಒಂದು 2010ರ ಬ್ರಿಟನ್ ಬ್ಲೂ-ರೇ, ಇನ್ನೊಂದು ಅಮೆರಿಕದ ಸಿನಾಪ್ಸ್ ಕಂಪನಿಯ, ಬ್ಲೂ-ರೇಗಿಂತ ಸ್ಪಷ್ಟವಾದ 4ಕೆ ಡಿಸ್ಕ್. ಮನೆ ಬದಲಾಯಿಸುತ್ತಿದ್ದೇವೆ, ಹೊಸ ಮನೆಯಲ್ಲಿ ಬೀರುವಿಗೆ ಜಾಗ ಕಮ್ಮಿ. ಹಳೆಯ ಎರಡನ್ನೂ ಕೊಟ್ಟುಬಿಡೋಣ ಅಂತಿದ್ದೇನೆ. ಒಳ್ಳೆಯದು ಬಂದ ಮೇಲೆ ಹಳೆಯದು ಯಾಕೆ? ಏನಂತೀರಿ?

ಅಂತರಗಂಗೆ:
2010ರದ್ದನ್ನು ಕೊಟ್ಟುಬಿಡಿ, ಯೋಚನೆನೇ ಬೇಡ. ಕಾಂಟ್ರಾಸ್ಟ್ ಎಳೆದು ಎಳೆದು ಬಿಳಿ ಭಾಗವೆಲ್ಲ ಸುಣ್ಣ ಬಳಿದ ಹಾಗಾಗಿದೆ. ಬೆಳಕು ಬಿದ್ದ ಕಡೆ ಮುಖದ ಚರ್ಮವೇ ಕಾಣುವುದಿಲ್ಲ. ಸಿನಾಪ್ಸ್‌ನವರು ಮೂಲ ನೆಗೆಟಿವ್ (ಕ್ಯಾಮೆರಾದಲ್ಲಿ ಓಡಿದ ಫಿಲ್ಮ್) ತೆಗೆದುಕೊಂಡು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಛಾಯಾಗ್ರಾಹಕ ಲುಚಿಯಾನೊ ತೊವೊಲಿ ಅವರೇ ಕೂತು ಬಣ್ಣ ನೋಡಿದ್ದಾರೆ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಡಿವಿಡಿನೂ ಕೊಡಿ. ಒಂದು ಸಿನಿಮಾಕ್ಕೆ ಒಂದು ಡಿಸ್ಕ್, ಅತ್ಯುತ್ತಮವಾದದ್ದು. ಉಳಿದ ದುಡ್ಡಿಗೆ ನಿಮ್ಮ ಹತ್ತಿರ ಇಲ್ಲದ ಸಿನಿಮಾ ತಗೊಳ್ಳಿ.

ಕ್ಯಾತ್ಸಂದ್ರ:
ಸಾಕ್ಷಿ ಬೇಕು ಸರ್. ಅದೇ ನೆಗೆಟಿವ್‌ನಿಂದ ಜರ್ಮನಿಯಲ್ಲಿ ಇನ್ನೊಂದು ತಂಡವೂ ರಿಸ್ಟೋರ್ ಮಾಡಿದೆ, ಅಂದರೆ ಹಳೆಯ ಫಿಲ್ಮನ್ನು ಸರಿಪಡಿಸಿದೆ. ಅದು ಬ್ರಿಟನ್‌ನಲ್ಲಿ ಬ್ಲೂ-ರೇ ಆಗಿ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಬಣ್ಣ ಒಂದೇ ಥರ ಇಲ್ಲ. ಇಬ್ಬರೂ ಶ್ರದ್ಧೆಯಿಂದ ಮಾಡಿದವರೇ. ಯಾಕೆ ಹೀಗಾಗುತ್ತದೆ ಅಂದರೆ, 1977ರಲ್ಲಿ ಜನ ನೋಡಿದ್ದು ನೆಗೆಟಿವ್ ಅಲ್ಲ, ಅದರಿಂದ ಥಿಯೇಟರಿಗೆ ಅಂತ ತೆಗೆದ ಪ್ರಿಂಟ್. ಈ ಸಿನಿಮಾದ ಪ್ರಿಂಟನ್ನು ರೋಮ್‌ನ ಟೆಕ್ನಿಕಲರ್‌ನಲ್ಲಿ ಡೈ ಟ್ರಾನ್ಸ್‌ಫರ್ ವಿಧಾನದಲ್ಲಿ ಮಾಡಿದ್ದು. ಮೂರು ಬಣ್ಣಕ್ಕೆ ಮೂರು ಅಚ್ಚು, ಒಂದರ ಮೇಲೊಂದು ಒತ್ತುತ್ತಾ ಹೋಗುತ್ತಾರೆ. ಆ ದಟ್ಟ ಕೆಂಪು, ಆ ನೀಲಿ ಹುಟ್ಟಿದ್ದು ಅಲ್ಲಿ. ನೆಗೆಟಿವ್ ಸ್ಕ್ಯಾನ್ ಮಾಡಿದ ತಕ್ಷಣ ಅದು ಸಿಗುವುದಿಲ್ಲ, ಯಾರಾದರೂ ಕೂತು ತೀರ್ಮಾನ ಮಾಡಬೇಕು. ಹಾಗಾಗಿ ಪ್ರತಿ ಡಿಸ್ಕೂ ಒಬ್ಬರ ತೀರ್ಮಾನ. ಡಿವಿಡಿ ಕೊಡಬೇಡಿ.

ಗುಬ್ಬಿ ಗೇಟ್:
ಹಾಗಾದರೆ ಆಗ ಥಿಯೇಟರಿನಲ್ಲಿ ಕಂಡ ಕೆಂಪು ಯಾವುದು ಮೇಡಂ? ಅದನ್ನು ತಿಳಿಯೋದು ಹೇಗೆ?

ಕ್ಯಾತ್ಸಂದ್ರ:
ಡೈ ಟ್ರಾನ್ಸ್‌ಫರ್ ಪ್ರಿಂಟಿನ ಬಣ್ಣ ಬೇಗ ಮಾಸುವುದಿಲ್ಲ. ಆ ಕಾಲದ ಮಾಮೂಲಿ ಪ್ರಿಂಟ್‌ಗಳು ವರ್ಷ ಕಳೆದಂತೆ ಗುಲಾಬಿ ಬಣ್ಣಕ್ಕೆ ತಿರುಗಿಬಿಟ್ಟವು, ಇವು ಹಾಗಲ್ಲ. ಅಂಥ ಪ್ರಿಂಟ್ ಉಳಿದಿದ್ದರೆ ಅದೇ ಅಳತೆಗೋಲು. ಇನ್ನೊಂದು ಮಾತು. ತೊವೊಲಿ ಬಣ್ಣದ ಬಟ್ಟೆ, ಟಿಶ್ಯೂ ಕಟ್ಟಿದ ಚೌಕಟ್ಟುಗಳನ್ನು ನಟಿಯರ ಮುಖದ ಹತ್ತಿರವೇ ಇಟ್ಟು ಅದರ ಮೂಲಕ ಬೆಳಕು ಬಿಟ್ಟವರು. ಆ ಬೆಳಕು ಕೆನ್ನೆಯ ಮೇಲೆ ಎಲ್ಲಿ ಮುಗಿಯುತ್ತದೆ ಅನ್ನೋದು ಸಿನಾಪ್ಸ್ ಡಿಸ್ಕ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಅದನ್ನು ನಾನೂ ಒಪ್ಪುತ್ತೇನೆ. ಕಥೆ ನಡೆಯುವ ಡ್ಯಾನ್ಸ್ ಶಾಲೆಯ ಬಾಗಿಲುಗಳನ್ನು ನೋಡಿ. ಹಿಡಿಕೆ ಹುಡುಗಿಯರ ಮುಖದ ಎತ್ತರಕ್ಕಿದೆ. ಅರ್ಜೆಂಟೊಗೆ ಮೊದಲು ಚಿಕ್ಕ ಮಕ್ಕಳನ್ನೇ ಹಾಕಿಕೊಳ್ಳುವ ಆಸೆ ಇತ್ತು. ಅದು ಆಗಲಿಲ್ಲ, ಬಾಗಿಲಿನ ಹಿಡಿಕೆ ಮಾತ್ರ ಮೇಲೆ ಹಾಕಿಸಿದರು. ದೊಡ್ಡ ಹುಡುಗಿ ಕೈ ಎತ್ತಿ ಬಾಗಿಲು ತೆಗೆದಾಗ ಮಗುವಿನ ಥರ ಕಾಣುತ್ತಾಳೆ. ಎಷ್ಟು ಚೆಂದದ ಯೋಚನೆ!

ನಂದಿ ತಪ್ಪಲು:
ಎಲ್ಲ ಸರಿ, ಆದರೆ ಇಷ್ಟು ದುಡ್ಡು ಯಾಕೆ ಸುರಿಯಬೇಕು? ಮೇಲೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ. ನಾನು ‘ಡೀಪ್ ರೆಡ್’ (1975) ಆನ್‌ಲೈನ್‌ನಲ್ಲಿ ನೋಡಿದೆ. ಚೆನ್ನಾಗೇ ಇತ್ತು.

ಅಂತರಗಂಗೆ:
ಎಷ್ಟು ಹೊತ್ತು ಇತ್ತು?

ನಂದಿ ತಪ್ಪಲು:
ಒಂದೂಮುಕ್ಕಾಲು ಗಂಟೆ.

ಅಂತರಗಂಗೆ:
ನೋಡಿ, ಇದೇ ವಿಷಯ. ಇಟಲಿಯಲ್ಲಿ ಬಂದಿದ್ದು 127 ನಿಮಿಷ. ಹೊರದೇಶಕ್ಕೆ ಕಳಿಸುವಾಗ ಕತ್ತರಿಸಿ ಸುಮಾರು 105ಕ್ಕೆ ಇಳಿಸಿದರು. ರಕ್ತಪಾತ ಕತ್ತರಿಸಿದ್ದಾರೆ ಅಂದುಕೊಳ್ಳಬೇಡಿ. ಹೋಗಿದ್ದರಲ್ಲಿ ಹೆಚ್ಚು ಪಾಲು ಡೇವಿಡ್ ಹೆಮ್ಮಿಂಗ್ಸ್ ಮತ್ತು ಡಾರಿಯಾ ನಿಕೊಲೊಡಿ ಜೋಡಿಯ ತಮಾಷೆ, ಜಗಳ, ಸಲಿಗೆ. ಅವಳ ಪುಟ್ಟ ಕಾರಿನ ಸೀಟು ಕುಸಿದು ಅವನು ಕೆಳಗೆ ಕೂತು ಮಾತಾಡುವ ದೃಶ್ಯ ನಿಮಗೆ ಸಿಕ್ಕೇ ಇಲ್ಲ. ಇಬ್ಬರೂ ಕೈ ಮಣಿಸುವ ಪಂದ್ಯ ಆಡುತ್ತಾರೆ, ಅವಳು ಗೆಲ್ಲುತ್ತಾಳೆ. ಅದೆಲ್ಲ ಇಲ್ಲದೆ ಇದು ಬರೀ ಕೊಲೆಗಾರನ ಹುಡುಕಾಟ. ಆನ್‌ಲೈನ್‌ನಲ್ಲಿ ಯಾವ ಕಟ್ ಅಂತ ಯಾರೂ ಹೇಳುವುದಿಲ್ಲ. ಆ್ಯರೋ ಕಂಪನಿಯ 2021ರ 4ಕೆ ಸೆಟ್‌ನಲ್ಲಿ ಎರಡೂ ಇವೆ, ಡಬ್ಬಿಯ ಮೇಲೆ ಬರೆದೂ ಇದೆ.

‘ಫಿನಾಮಿನಾ’ (1985) ಇನ್ನೂ ಕಷ್ಟ. ಇಟಲಿಯ ಪೂರ್ತಿ ಕಟ್ 116 ನಿಮಿಷ, ಬೇರೆ ದೇಶಗಳಿಗೆ 110, ಅಮೆರಿಕದಲ್ಲಿ ‘ಕ್ರೀಪರ್ಸ್’ ಅಂತ ಹೆಸರು ಬದಲಾಯಿಸಿ 83. ಅರ್ಧ ಗಂಟೆಗಿಂತ ಜಾಸ್ತಿ ಕತ್ತರಿ!

ಶಿರಾ ಗೇಟ್ ಕೀಬೋರ್ಡ್:
ನಿಮಿಷ ಲೆಕ್ಕ ಹಾಕುವವರು ಒಂದು ಹುಷಾರು. ಯುರೋಪಿನ ಹಳೆಯ ಡಿವಿಡಿ, ಟೇಪುಗಳು ಪಾಲ್ ಅನ್ನೋ ಟಿವಿ ಪದ್ಧತಿಯವು. ಸಿನಿಮಾ ಸೆಕೆಂಡಿಗೆ 24 ಚೌಕ (ಫ್ರೇಮ್), ಪಾಲ್‌ನಲ್ಲಿ 25. ಹಾಗಾಗಿ ಪೂರ್ತಿ ಸಿನಿಮಾ ನಾಲ್ಕು ಪರ್ಸೆಂಟ್ ಬೇಗ ಓಡಿಬಿಡುತ್ತದೆ. 127 ನಿಮಿಷದ್ದು 122ಕ್ಕೆ ಮುಗಿಯುತ್ತದೆ, ಒಂದು ಚೌಕವೂ ಕತ್ತರಿಸದೆ. ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು, ನನಗೆ ಇದು ಕಿವಿಯಲ್ಲೇ ಗೊತ್ತಾಗುತ್ತದೆ. ಅರ್ಜೆಂಟೊ ಸಿನಿಮಾಗಳಿಗೆ ನುಡಿಸಿದ ಗಾಬ್ಲಿನ್ ತಂಡದ ಸಂಗೀತ ಅರ್ಧ ಸ್ವರಕ್ಕಿಂತ ಸ್ವಲ್ಪ ಕಮ್ಮಿ ಮೇಲೇರಿರುತ್ತದೆ. ಜೊತೆಗೆ ನುಡಿಸಲು ಕೂತರೆ ಶ್ರುತಿ ಸೇರುವುದೇ ಇಲ್ಲ.

‘ಸಸ್ಪಿರಿಯಾ’ ವಿಷಯಕ್ಕೆ ಬಂದರೆ, ನನ್ನ ಪ್ರಕಾರ ನೀವೆಲ್ಲ ಕಣ್ಣಿನ ಮಾತೇ ಆಡುತ್ತಿದ್ದೀರಿ. ಸಿನಾಪ್ಸ್ ಡಿಸ್ಕ್‌ನಲ್ಲಿ 1977ರ ಇಂಗ್ಲಿಷ್ ನಾಲ್ಕು ಟ್ರ್ಯಾಕ್ ಸೌಂಡ್ ಮಿಕ್ಸ್ ಇದೆ. ಆ ಪಿಸುಮಾತು, ಆ ನಿಟ್ಟುಸಿರು ಯಾವ ಕಡೆಯಿಂದ ಬರುತ್ತದೆ ಅಂತ ಅದರಲ್ಲಿ ಕೇಳಿ. ನಾನು ಆ ಡಿಸ್ಕ್ ತಗೊಂಡಿದ್ದೇ ಅದಕ್ಕೆ.

ಚಿಂತಾಮಣಿ ಕ್ಯಾಸೆಟ್:
ವಿಡಿಯೊ ಲೈಬ್ರರಿ ನಡೆಸಿದವನು ನಾನು. ಆಗ ನಮ್ಮ ಕಡೆ ಹಾರರ್ ಅಂದರೆ ರಾಮ್ಸೆ ಸಹೋದರರು. ‘ಪುರಾನಾ ಮಂದಿರ್’ (1984), ‘ವೀರಾನಾ’ (1988) ಕ್ಯಾಸೆಟ್ ವಾಪಸ್ ಬಂದ ಸಂಜೆಯೇ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ಜನ ಹೆದರುವ ಜಾಗದಲ್ಲಿ ಪಾಜ್ ಒತ್ತಿ ಒತ್ತಿ ಟೇಪಿನ ಆ ಭಾಗವೇ ಸವೆದು ಗೆರೆ ಬರುತ್ತಿತ್ತು. ಹೊಸ ಗಿರಾಕಿ ಆ ಗೆರೆ ಕಂಡ ಕೂಡಲೇ ದೆವ್ವ ಬರುತ್ತೆ ಅಂತ ಹೇಳಿಬಿಡುತ್ತಿದ್ದರು.

ನನ್ನ ಬೇಸರ ಏನಂದರೆ, ಆ ಸಿನಿಮಾಗಳನ್ನು ಒಳ್ಳೆಯ ಡಿವಿಡಿ ಮಾಡಿದ್ದು ಹೊರದೇಶದ ಮೊಂಡೊ ಮಕಾಬ್ರೊ ಕಂಪನಿ. ಇಲ್ಲಿ 28 ರೂಪಾಯಿಗೆ ವಿಸಿಡಿ ಮಾರಿದ ಕಾಲ ಬಂತು, ಮನೆಮನೆಗೆ ಸಿನಿಮಾ ಮುಟ್ಟಿತು, ನಿಜ. ಆದರೆ ವಿಸಿಡಿ ಚಿತ್ರ ಅಂದರೆ 352 ಅಡ್ಡ, 288 ಉದ್ದದ ಚುಕ್ಕೆಗಳು, ಅಷ್ಟೇ. ಕತ್ತಲ ದೃಶ್ಯ ಬಂದರೆ ಬರೀ ಚೌಕಚೌಕ. ನಮ್ಮ ‘ನಾ ನಿನ್ನ ಬಿಡಲಾರೆ’ (1979) ನನ್ನ ಹತ್ತಿರ ಇರುವುದು ಹಾಗೇ. ಅರ್ಜೆಂಟೊಗೆ ಎರಡೆರಡು ರಿಸ್ಟೋರೇಶನ್, ನಮ್ಮ ಅನಂತನಾಗ್‌ಗೆ ಚೌಕಚೌಕ. ಇದಕ್ಕೆ ನೀವು ಹೋರಾಡಿ ಸ್ವಾಮಿ.

ಕ್ಯಾತ್ಸಂದ್ರ:
ಅಣ್ಣ, ಆ ವಿಸಿಡಿ ದಯವಿಟ್ಟು ಯಾರಿಗೂ ಕೊಡಬೇಡಿ. ನಾನು ಹೇಳುತ್ತಿರೋದೂ ಇದೇ. ಒಳ್ಳೆಯದು ಬರುವ ತನಕ ಇರುವುದನ್ನು ಕಾಪಾಡಬೇಕು, ಬಂದ ಮೇಲೂ ಹೋಲಿಸಿ ನೋಡೋಕೆ ಬೇಕು.

ಅಂತರಗಂಗೆ:
ಅಣ್ಣನ ವಿಸಿಡಿ ಬೇರೆ ವಿಷಯ, ಅದಕ್ಕೆ ಬದಲಿ ಕಾಣಿಸುತ್ತಿಲ್ಲ. ‘ಸಸ್ಪಿರಿಯಾ’ಕ್ಕೆ ಬದಲಿ ಇದೆ. ಹೋಲಿಕೆ ಮಾಡೋದು ಸಂಶೋಧಕರ ಕೆಲಸ. ನಾವು ಸಿನಿಮಾ ನೋಡುವವರು, ನಮ್ಮ ದುಡ್ಡು ಲೆಕ್ಕದ್ದು. ‘ಟೆನೆಬ್ರೆ’ (1982) ಇನ್ನೂ ನೋಡದವರು ಇಲ್ಲೇ ಎಷ್ಟು ಜನ ಇದ್ದಾರೆ! ಕ್ರೇನ್ ಮೇಲಿನ ಕ್ಯಾಮೆರಾ ಒಂದು ಕಿಟಕಿಯಿಂದ ಶುರುವಾಗಿ ಗೋಡೆ ಹತ್ತಿ, ಹೆಂಚು ಸವರಿ, ಆ ಕಡೆ ಇಳಿಯುವ ಒಂದೇ ಶಾಟ್. ಅದನ್ನು ನೋಡದೆ ‘ಸಸ್ಪಿರಿಯಾ’ ಮೂರು ಪ್ರತಿ ಇಟ್ಟುಕೊಳ್ಳೋದು ನನಗೆ ಒಪ್ಪಿಗೆ ಇಲ್ಲ.

ನಂದಿ ತಪ್ಪಲು:
ಸರಿ, ‘ಡೀಪ್ ರೆಡ್’ 127 ನಿಮಿಷದ್ದು ತಗೊಳ್ಳುತ್ತೇನೆ. ನನ್ನ ಹತ್ತಿರ ಇಲ್ಲಿ ತಗೊಂಡ ಮಾಮೂಲಿ ಬ್ಲೂ-ರೇ ಪ್ಲೇಯರ್ ಇದೆ. ಓಡುತ್ತಾ?

ಅಂತರಗಂಗೆ:
ತಾಳಿ, ಈಗಲೇ ಆರ್ಡರ್ ಮಾಡಬೇಡಿ. ಬ್ಲೂ-ರೇಗೆ ವಲಯ ಇದೆ. ಅಮೆರಿಕ ಎ, ಬ್ರಿಟನ್ ಬಿ, ಭಾರತ ಸಿ. ಬಿ ಲಾಕ್ ಇರುವ ಡಿಸ್ಕ್ ಸಿ ಪ್ಲೇಯರ್‌ನಲ್ಲಿ ಓಡುವುದಿಲ್ಲ. 4ಕೆ ಡಿಸ್ಕ್‌ಗೆ ಮಾತ್ರ ವಲಯದ ಕಾಟ ಇಲ್ಲ, ಆದರೆ ಅದಕ್ಕೆ 4ಕೆ ಪ್ಲೇಯರೇ ಬೇಕು. ಕೆಲವು ಸೆಟ್‌ಗಳಲ್ಲಿ 4ಕೆ ಜೊತೆ ಮಾಮೂಲಿ ಬ್ಲೂ-ರೇನೂ ಇರುತ್ತದೆ, ಅದಕ್ಕೆ ಲಾಕ್ ಇರಬಹುದು. ಡಬ್ಬಿಯ ಹಿಂದಿನ ಗುರುತು ನೋಡಿ ತಗೊಳ್ಳಿ.

‘ಡೀಪ್ ರೆಡ್’ ಸಿಕ್ಕ ಮೇಲೆ ಒಂದು ಕೆಲಸ ಮಾಡಿ. (ಪೂರ್ತಿ ಗುಟ್ಟು ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ.) ಮೊದಲ ಕೊಲೆಯಾದ ಮೇಲೆ ನಾಯಕ ಗೋಡೆ ತುಂಬ ಚಿತ್ರಗಳಿರುವ ಓಣಿಯಲ್ಲಿ ಓಡುತ್ತಾನೆ. ಕೊಲೆಗಾರರ ಮುಖ ಅಲ್ಲೇ ತೆರೆಯ ಮೇಲೆ ಇದೆ. ಅರ್ಜೆಂಟೊ ಮುಚ್ಚಿಟ್ಟಿಲ್ಲ. ವಿಸಿಡಿಯಲ್ಲಿ ಅದು ಬರೀ ಬೂದು ಮಸಿ, ಒಳ್ಳೆಯ ಡಿಸ್ಕ್‌ನಲ್ಲಿ ಕಣ್ಣು ಮೂಗು ಸಮೇತ ಕಾಣುತ್ತದೆ.

ಗುಬ್ಬಿ ಗೇಟ್:
ಎಲ್ಲರಿಗೂ ಥ್ಯಾಂಕ್ಸ್. 2010ರ ಬ್ಲೂ-ರೇ ಕೊಡುತ್ತೇನೆ, ಡಿವಿಡಿ ಇಟ್ಟುಕೊಳ್ಳುತ್ತೇನೆ. ಕ್ಯಾತ್ಸಂದ್ರ ಮೇಡಂ ಹೇಳಿದ್ದು ನನಗೆ ಹಿಡಿಸಿತು. ನನಗೆ ಈ ಸಿನಿಮಾದ ಕೆಂಪು ಮೊದಲು ಕಂಡಿದ್ದು ಆ ಡಿವಿಡಿಯಲ್ಲೇ. ಅಂತರಗಂಗೆ ಸರ್, ನೀವು ಒಪ್ಪಲ್ಲ ಅಂತ ಗೊತ್ತು.

ಅಂತರಗಂಗೆ:
ಒಪ್ಪಲ್ಲ. ಇಟ್ಟುಕೊಳ್ಳೋದಾದರೆ ಸರಿಯಾಗಿ ಇಡಿ. ಬೆಳಕಿಗೆ ಹಿಡಿದು ಸೂಜಿ ಚುಚ್ಚಿದಂಥ ತೂತು ಕಾಣುತ್ತಾ ನೋಡಿ. ಕಂಡರೆ ಒಳಗಿನ ಅಲ್ಯೂಮಿನಿಯಂ ಪದರ ಹಾಳಾಗುತ್ತಿದೆ ಅಂತ. ಬಿಸಿಲು ಬೀಳದ ಕಡೆ, ಮಲಗಿಸದೆ ನಿಲ್ಲಿಸಿ ಇಡಿ. ಲೇಬಲ್ ಅಂಟಿಸಬೇಡಿ.

ಶಿರಾ ಗೇಟ್ ಕೀಬೋರ್ಡ್:
2010ರದ್ದು ನನಗೆ ಬೇಕು. ಬಣ್ಣ ಹೇಗಾದರೂ ಇರಲಿ, ಅದರ ಸೌಂಡ್ ಹೋಲಿಸಿ ನೋಡಬೇಕು. ಎಷ್ಟಕ್ಕೆ ಕೊಡುತ್ತೀರಿ?