ತಾಯಿಯವರ ಹಳೆಯ ಮೊಬೈಲ್ ಸಂಖ್ಯೆ ರದ್ದಾಗಿದೆ. ಹಣ ಕೊಟ್ಟು ಕೊಂಡ ಇ-ಪುಸ್ತಕಗಳು ತೆರೆಯುತ್ತಿಲ್ಲ

ಹೊಳೆದಂಡೆ (ಮಂಡ್ಯ):

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರು ಕನ್ನಡ ಕಾದಂಬರಿಗಳನ್ನು ಒಂದು ಆ್ಯಪ್‌ನಲ್ಲಿ ಕೊಂಡು, ಅಕ್ಷರ ದೊಡ್ಡದು ಮಾಡಿಕೊಂಡು ಟ್ಯಾಬ್‌ನಲ್ಲಿ ಓದುತ್ತಿದ್ದರು. ಆ ಆ್ಯಪ್‌ಗೆ ಪಾಸ್‌ವರ್ಡ್ ಇಲ್ಲ. ಮೊಬೈಲ್‌ಗೆ ಬರುವ ಒಟಿಪಿ ಕೊಟ್ಟರಷ್ಟೇ ಪ್ರವೇಶ. ಅವರು ನಮ್ಮ ಮನೆಗೆ ಬಂದ ಮೇಲೆ ಆ ಸಿಮ್‌ಗೆ ರೀಚಾರ್ಜ್ ನಿಂತುಹೋಗಿ ಸಂಖ್ಯೆ ರದ್ದಾಯಿತು. ಈಗ ಅದಕ್ಕೆ ಕರೆ ಮಾಡಿದರೆ ಹಾಸನದ ಕಡೆಯ ಯಾರೋ ಎತ್ತಿಕೊಳ್ಳುತ್ತಾರೆ. ಹೊಸ ಸಂಖ್ಯೆಯಿಂದ ಲಾಗಿನ್ ಆದರೆ ಒಂದು ಪುಸ್ತಕವೂ ಕಾಣುವುದಿಲ್ಲ. ಹಳೆಯ ಟ್ಯಾಬ್‌ನಲ್ಲಿ ಹೆಚ್ಚಿನವು ಇನ್ನೂ ತೆರೆಯುತ್ತಿವೆಯಾದರೂ ಎರಡರ ಮುಖಪುಟ ಬೂದು ಬಣ್ಣಕ್ಕೆ ತಿರುಗಿ, ‘ಈ ಪುಸ್ತಕ ಲಭ್ಯವಿಲ್ಲ’ ಎಂದು ಬರುತ್ತಿದೆ. ಆ್ಯಪ್ ತೆಗೆದು ಮತ್ತೆ ಹಾಕಿದರೆ ಸರಿಹೋದೀತೆ? ಒಟಿಪಿ ಹೇಳಿ ಎಂದು ಹಾಸನದವರನ್ನೇ ಕೇಳಬಹುದೆ?

ಹಳೇ ಪ್ರೋಗ್ರಾಮರ್ (ಮೈಸೂರು):

ದಯವಿಟ್ಟು ಆ್ಯಪ್ ತೆಗೆಯಬೇಡಿ, ಲಾಗ್‌ಔಟ್ ಮಾಡಬೇಡಿ, ‘ಕ್ಲಿಯರ್ ಡೇಟಾ’ ಒತ್ತಬೇಡಿ. ತಾಯಿಯವರ ಖಾತೆಯೊಳಗೆ ಹೋಗಲು ಈಗ ಉಳಿದಿರುವುದು ಆ ಟ್ಯಾಬ್ ಒಂದೇ. ಮೊದಲು ಪುಸ್ತಕಗಳ ಪಟ್ಟಿ, ಬೂದು ಮುಖಪುಟಗಳು ಮತ್ತು ‘ಆರ್ಡರ್‌ಗಳು’ ಪುಟ, ಮೂರನ್ನೂ ಬೇರೆ ಫೋನಿನಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಪ್ರೊಫೈಲ್‌ನಲ್ಲಿ ಇ-ಮೇಲ್ ಸೇರಿಸಲು ಅಥವಾ ಸಂಖ್ಯೆ ಬದಲಿಸಲು ಅವಕಾಶವಿದೆಯೇ ನೋಡಿ. ಬದಲಾವಣೆಯ ಒಟಿಪಿ ಹೊಸ ಸಂಖ್ಯೆಗೆ ಮಾತ್ರ ಬರುವ ವ್ಯವಸ್ಥೆಯಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತದೆ. ಹಾಸನದವರನ್ನು ಕೇಳಬೇಡಿ. ಒಟಿಪಿ ಕೇಳುವ ಅಪರಿಚಿತರನ್ನು ನಂಬಬಾರದೆಂದು ಎಲ್ಲರಿಗೂ ಹೇಳಿರುವಾಗ ಅವರು ಕೊಡದಿರುವುದೇ ನ್ಯಾಯ. ಅದೇ ಸಂಖ್ಯೆ ಬ್ಯಾಂಕಿಗೋ ಆಧಾರ್‌ಗೋ ಜೋಡಣೆಯಾಗಿದ್ದರೆ ಪುಸ್ತಕಕ್ಕಿಂತ ಮೊದಲು ಅದನ್ನು ಬದಲಿಸಿ.

ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ತೊಂದರೆಗಳು. ಖಾತೆಯನ್ನು ಮರಳಿ ಪಡೆಯಬಹುದು. ಬೂದು ಬಣ್ಣದ ಎರಡು ಪುಸ್ತಕಗಳನ್ನು, ನನ್ನ ಊಹೆಯಂತೆ, ಪ್ರಕಾಶಕರೊಂದಿಗಿನ ಒಪ್ಪಂದ ಮುಗಿದಿದ್ದರಿಂದ ಮಳಿಗೆಯೇ ಹಿಂತೆಗೆದಿದೆ. ನಾವು ಹಣ ಕೊಟ್ಟದ್ದು ಓದುವ ಪರವಾನಗಿಗೆ, ಪುಸ್ತಕಕ್ಕಲ್ಲ ಎಂಬುದು ನಿಯಮಗಳ ಪುಟದಲ್ಲಿ ಎಲ್ಲೋ ಕೆಳಗೆ ಇರುತ್ತದೆ. ಮಾರುವ ಹಕ್ಕಿಲ್ಲದವರು ಸೇರಿಸಿದ್ದ ಜಾರ್ಜ್ ಆರ್ವೆಲ್ ಕೃತಿಗಳನ್ನು ಅಮೆಜಾನ್ 2009ರಲ್ಲಿ ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿ ಹಣ ಮರಳಿಸಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಹೋದವು, ಹಣ ಮಾತ್ರ ವಾಪಸ್ ಬಂತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಕೊಡುತ್ತಿರುವುದು ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂಬ ಗುಂಡಿ ಇಡುವಂತಿಲ್ಲ.

ಪ್ರೊಫೈಲ್ ದಾರಿ ಮುಚ್ಚಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಬರೆಯಿರಿ. ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದೆಯೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಹಣ ಕೊಟ್ಟದ್ದಕ್ಕೆ ಪುರಾವೆಯಾಗಿ ಯುಪಿಐ ಪಾವತಿಯ 12 ಅಂಕಿಯ ಉಲ್ಲೇಖ ಸಂಖ್ಯೆ ಸಾಕಾಗುತ್ತದೆ. ಅದು ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲಿ ಇದ್ದೇ ಇರುತ್ತದೆ.

ಓದುಬಾಕ (ಶ್ರೀರಂಗಪಟ್ಟಣ):

ಇಷ್ಟೆಲ್ಲ ಏಕೆ, ಟ್ಯಾಬ್‌ನಲ್ಲಿ ಉಳಿದಿರುವ ಕಡತಗಳ ಡಿಆರ್‌ಎಂ (ನಕಲು ಮಾಡದಂತೆ ತಡೆಯುವ ಡಿಜಿಟಲ್ ಬೀಗ) ಮುರಿದು ನಕಲು ತೆಗೆದುಕೊಂಡರೆ ಆಗದೆ? ಹಣ ಕೊಟ್ಟವರು ಇವರೇ ಅಲ್ಲವೆ?

ಹಳೇ ಪ್ರೋಗ್ರಾಮರ್ (ಮೈಸೂರು):

ನಿಮ್ಮ ಸಿಟ್ಟು ನನಗೂ ಇದೆ. ಆದರೆ 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ಸೇರಿದ 65ಎ ಕಲಮಿನಂತೆ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಆಗಬಹುದು. ಸ್ವಂತ ಓದಿಗೆ ಮುರಿದದ್ದು ಆ ಉದ್ದೇಶದೊಳಗೆ ಬರುತ್ತದೆಯೇ ಎಂದು ವಕೀಲರು ವಾದಿಸಲಿ, ನಾನು ಇಲ್ಲಿ ವಿಧಾನ ಬರೆಯುವುದಿಲ್ಲ. ಇನ್ನು ಮುಂದೆ ಕೊಳ್ಳುವಾಗ, ಬೀಗವಿಲ್ಲದ ಇಪಬ್ ಅಥವಾ ಪಿಡಿಎಫ್ ಕಡತವನ್ನೇ ಕೈಗೆ ಕೊಡುವ ಪ್ರಕಾಶಕರಿದ್ದರೆ ಅವರಿಂದಲೇ ಕೊಳ್ಳಿ.

ಹೊಳೆದಂಡೆ (ಮಂಡ್ಯ):

ಪ್ರೊಫೈಲ್‌ನಲ್ಲಿ ಸಂಖ್ಯೆ ಬದಲಿಸಲು ಹಳೆಯ ಸಂಖ್ಯೆಗೇ ಒಟಿಪಿ ಕಳುಹಿಸುತ್ತಿತ್ತು. ಪಾವತಿ ವಿವರ ಮತ್ತು ಫೋಟೊಗಳೊಂದಿಗೆ ಕುಂದುಕೊರತೆ ಅಧಿಕಾರಿಗೆ ಬರೆದ ಮೇಲೆ ಖಾತೆಯನ್ನು ಹೊಸ ಸಂಖ್ಯೆಗೆ ವರ್ಗಾಯಿಸಿದರು. ಉಳಿದ ಪುಸ್ತಕಗಳೆಲ್ಲ ಬಂದವು. ಹಿಂತೆಗೆದ ಎರಡಕ್ಕೆ ಮಾತ್ರ ಆ್ಯಪ್‌ನ ವ್ಯಾಲೆಟ್‌ಗೆ ಹಣ ಹಾಕುತ್ತೇವೆ, ಆರು ತಿಂಗಳೊಳಗೆ ಬಳಸಿ ಎನ್ನುತ್ತಿದ್ದಾರೆ. ಒಪ್ಪಬಹುದೆ?

ಹಳೇ ಪ್ರೋಗ್ರಾಮರ್ (ಮೈಸೂರು):

ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ನೀವು ಕೊಟ್ಟದ್ದು ಎಲ್ಲಿ ಬೇಕಾದರೂ ನಡೆಯುವ ಹಣ. ಅವರು ಕೊಡುತ್ತಿರುವುದು ಅವರ ಅಂಗಡಿಯಲ್ಲೇ ಖರ್ಚಾಗಬೇಕಾದ, ಅವಧಿಯೂ ಇರುವ ಚೀಟಿ. ಪಾವತಿ ಮಾಡಿದ ಬ್ಯಾಂಕ್ ಖಾತೆಗೇ ಮರಳಿಸಿ ಎಂದು ಅದೇ ಇ-ಮೇಲ್‌ಗೆ ಉತ್ತರವಾಗಿ ಬರೆಯಿರಿ. ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ: 2019ರ ಕಾಯಿದೆಯಡಿ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದಾದ್ದರಿಂದ ನೀವು ಮಂಡ್ಯ ಬಿಟ್ಟು ಹೋಗಬೇಕಾಗಿಲ್ಲ, 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ದೂರು ತಾಯಿಯವರ ಹೆಸರಿನಲ್ಲಿರಲಿ, ಏಕೆಂದರೆ ಖಾತೆ ಅವರದು.