ದೊಡ್ಡ ಬ್ಯಾಂಕಿಗೆ ಕಡಿಮೆ ಬಂಡವಾಳ, ಸಣ್ಣದಕ್ಕೆ ಜಾಸ್ತಿ: ಇದು ಸರಿಯಾ?

ಮಂಡ್ಯದ ಹುಡುಗ:
ಅಪ್ಪ ರಿಟೈರ್ ಆದರು. ಬಂದ ಹಣವನ್ನು ಎಲ್ಲಿ ಎಫ್‌ಡಿ ಇಡುವುದು ಅಂತ ನೋಡುವಾಗ ಒಂದು ಲೆಕ್ಕ ತಲೆಗೆ ಹತ್ತಲಿಲ್ಲ. ಸಣ್ಣ ಸಾಲಗಳನ್ನೇ ಹೆಚ್ಚು ಕೊಡುವ ಸ್ಮಾಲ್ ಫೈನಾನ್ಸ್ ಬ್ಯಾಂಕುಗಳು ರಿಸ್ಕ್ ಲೆಕ್ಕದ ಪ್ರತಿ 100 ರೂಪಾಯಿ ಸಾಲಕ್ಕೆ 15 ರೂಪಾಯಿ ಸ್ವಂತ ಬಂಡವಾಳ (ಠೇವಣಿಯಲ್ಲ, ನಷ್ಟವಾದರೆ ಮೊದಲು ಕರಗುವ ಬ್ಯಾಂಕಿನದೇ ಹಣ) ಇಟ್ಟಿರಬೇಕು. ಸ್ಟೇಟ್ ಬ್ಯಾಂಕಿಗೆ ಮೂಲ 9, ಕಷ್ಟಕಾಲಕ್ಕೆ ಇರಲಿ ಅಂತ ಅದರ ಮೇಲೆ 2.5, ಮುಳುಗಿದರೆ ಇಡೀ ದೇಶಕ್ಕೇ ಏಟು ಅನ್ನುವ ಕಾರಣಕ್ಕೆ ಇನ್ನೂ 0.80. ಒಟ್ಟು 12.3. ದೊಡ್ಡದು ಬಿದ್ದರೆ ತಾನೇ ಹಾನಿ ಜಾಸ್ತಿ?

ಹಳೇ ಮ್ಯಾನೇಜರ್:
ನಾನು ಬಹಳ ವರ್ಷ ಸಾಲದ ವಿಭಾಗದಲ್ಲಿದ್ದೆ. ಸಣ್ಣ ಬ್ಯಾಂಕಿನ ಸಾಲವೆಲ್ಲ ಕೆಲವೇ ಜಿಲ್ಲೆಗಳಲ್ಲಿ, ಹೆಚ್ಚಿನದು ಅಡಮಾನ ಇಲ್ಲದ್ದು. ಎರಡು ವರ್ಷ ಮಳೆ ಕೈಕೊಟ್ಟರೆ ಎಲ್ಲರ ಕಂತೂ ಒಟ್ಟಿಗೆ ನಿಲ್ಲುತ್ತದೆ. ದೊಡ್ಡ ಬ್ಯಾಂಕಿಗೆ ಒಂದು ಕಡೆ ಹೋದದ್ದು ಇನ್ನೊಂದು ಕಡೆ ಬರುತ್ತದೆ. ಇನ್ನೊಂದು ವಿಷಯ, ಸಾಲದ ಮೊತ್ತವನ್ನು ನೇರವಾಗಿ ಲೆಕ್ಕ ಹಿಡಿಯುವುದಿಲ್ಲ. ಮನೆಯ ಬೆಲೆಯ 80 ಪರ್ಸೆಂಟ್ ಒಳಗಿನ, 75 ಲಕ್ಷ ದಾಟದ ಮನೆ ಸಾಲ 100 ಇದ್ದರೆ ಅದನ್ನು 35 ಅಂತ ಎಣಿಸುತ್ತಾರೆ. 2023ರ ನವೆಂಬರ್‌ನಿಂದ ಪರ್ಸನಲ್ ಲೋನ್ 100 ಇದ್ದರೆ 125. ಹಾಗಾಗಿ ಮೂಲ 9ರ ಪ್ರಕಾರ ಮೊದಲನೆಯದಕ್ಕೆ 3 ರೂಪಾಯಿ ಚಿಲ್ಲರೆ ಸಾಕು, ಎರಡನೆಯದಕ್ಕೆ 11 ದಾಟುತ್ತದೆ.

ಕರಾವಳಿಯವಳು:
ಸರ್, ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸರ್ಕಾರ ಹೇಗೂ ಕೈಬಿಡುವುದಿಲ್ಲ ಅಂತ ಜನ ನಂಬುತ್ತಾರೆ, ಅದಕ್ಕೇ ದೊಡ್ಡ ಬ್ಯಾಂಕಿಗೆ ಕಡಿಮೆ ಬಡ್ಡಿಗೇ ಠೇವಣಿ ಬರುತ್ತದೆ. ಲಾಭ ಬಂದರೆ ಷೇರುದಾರರಿಗೆ, ನಷ್ಟವಾದರೆ ಊರಿಗೆಲ್ಲ ಅಂದ ಮೇಲೆ ಯಾರು ತಾನೇ ಕೈ ಬಿಗಿ ಹಿಡಿಯುತ್ತಾರೆ?

ಅದಲ್ಲದೆ, ಯಾವುದು "ದೊಡ್ಡದು" ಅಂತ ಮೊದಲೇ ಗೆರೆ ಎಳೆಯುವುದೇ ಕಷ್ಟ. ಅಮೆರಿಕದಲ್ಲಿ 2018ರಲ್ಲಿ ಕಾನೂನು ಸಡಿಲ ಮಾಡಿ, ಕಟ್ಟುನಿಟ್ಟಿನ ನಿಯಮ ಅನ್ವಯಿಸುವ ಆಸ್ತಿಯ ಮಿತಿಯನ್ನು 50 ಬಿಲಿಯನ್ ಡಾಲರ್‌ನಿಂದ 250 ಬಿಲಿಯನ್‌ಗೆ ಏರಿಸಿದರು. ಸಿಲಿಕಾನ್ ವ್ಯಾಲಿ ಬ್ಯಾಂಕ್ ಸುಮಾರು 209 ಬಿಲಿಯನ್, ಗೆರೆಯ ಕೆಳಗೇ ಇತ್ತು. ಅದರ ಹಣ ಬಹುಪಾಲು ಸರ್ಕಾರದ ಬೆಂಬಲವಿದ್ದ ಬಾಂಡ್‌ಗಳಲ್ಲಿ. ಅಂಥ ಬಾಂಡ್‌ಗೆ ಬಂಡವಾಳ ತೀರಾ ಕಡಿಮೆ ಸಾಕು, ಕೆಲವಕ್ಕೆ ಬೇಡವೇ ಬೇಡ, ಯಾಕಂದರೆ ಅಸಲು ಮುಳುಗುವ ಭಯ ಇಲ್ಲ. ಬಡ್ಡಿ ದರ ಏರಿತು, ಬಾಂಡ್ ಬೆಲೆ ಕುಸಿಯಿತು, ಹೆದರಿದ ಜನ ಒಟ್ಟಿಗೇ ಠೇವಣಿ ತೆಗೆಯಲು ಮುಗಿಬಿದ್ದರು, 2023ರ ಮಾರ್ಚ್ 10ಕ್ಕೆ ಬ್ಯಾಂಕು ಮುಚ್ಚಿತು. ಆಗ ಮಾತ್ರ ಇಡೀ ವ್ಯವಸ್ಥೆಗೇ ಅಪಾಯ ಅಂತ ಹೇಳಿ ಎಲ್ಲ ಠೇವಣಿಯನ್ನೂ ಉಳಿಸಿಕೊಟ್ಟರು. ನಮ್ಮ ಯೆಸ್ ಬ್ಯಾಂಕ್ ಕೂಡ ಆರ್‌ಬಿಐನ ದೊಡ್ಡ ಬ್ಯಾಂಕುಗಳ ಪಟ್ಟಿಯಲ್ಲಿ ಇರಲಿಲ್ಲ. 2020ರಲ್ಲಿ ಅದನ್ನು ಉಳಿಸಲು ಸ್ಟೇಟ್ ಬ್ಯಾಂಕ್ ಹಣ ಹಾಕಬೇಕಾಯಿತು, ಯೆಸ್ ಬ್ಯಾಂಕ್ ಹೂಡಿಕೆದಾರರಿಗೆ ಮಾರಿದ್ದ 8,415 ಕೋಟಿಯ ಬಾಂಡ್ ಸೊನ್ನೆಯಾಯಿತು.

ಹಳೇ ಮ್ಯಾನೇಜರ್:
ಸಿಲಿಕಾನ್ ವ್ಯಾಲಿ ಬ್ಯಾಂಕಿನ ಬಾಂಡ್ ಮಾತು ನಿಜ ಕಣಮ್ಮ. ರಿಸ್ಕ್ ಸೊನ್ನೆ ಅಂತ ಬರೆದ ಕಡೆಯೇ ಎಲ್ಲರೂ ಹಣ ಸುರಿಯುತ್ತಾರೆ. ಅದಕ್ಕೇ ರಿಸ್ಕ್ ನೋಡದೆ ಒಟ್ಟು ಆಸ್ತಿಯ ಮೇಲೂ ಕನಿಷ್ಠ ಇಷ್ಟು ಬಂಡವಾಳ ಇರಲೇಬೇಕು ಅಂತ ಇಟ್ಟಿದ್ದಾರೆ, ಪಟ್ಟಿಯಲ್ಲಿರುವ ದೊಡ್ಡ ಬ್ಯಾಂಕಿಗೆ 4 ಪರ್ಸೆಂಟ್, ಉಳಿದವಕ್ಕೆ 3.5. ನನ್ನ ಪ್ರಕಾರ ಇದು ಇನ್ನೂ ಜಾಸ್ತಿ ಇರಬೇಕಿತ್ತು.

ತುಮಕೂರು ಟೀಚರ್:
ಮಂಡ್ಯದವರೇ, ಅಪ್ಪನ ಹಣದ ವಿಷಯಕ್ಕೆ ಬರೋಣ. ನಮ್ಮ ಅತ್ತೆ 9 ಲಕ್ಷವನ್ನು ಒಂದೇ ಸಹಕಾರಿ ಬ್ಯಾಂಕಿನಲ್ಲಿಟ್ಟಿದ್ದರು, ಅದು ಮುಳುಗಿ ಬಹಳ ನೊಂದರು. ಕೊನೆಗೆ ಠೇವಣಿ ವಿಮೆಯಿಂದ ಕೈಗೆ ಬಂದದ್ದು 5 ಲಕ್ಷ ಮಾತ್ರ. ಈ 5 ಲಕ್ಷದ ಮಿತಿ ಬಡ್ಡಿಯೂ ಸೇರಿ, ಒಂದು ಬ್ಯಾಂಕಿನ ಎಲ್ಲ ಶಾಖೆಗಳೂ ಸೇರಿ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾದಲ್ಲಿ ವಿಲೀನವಾಯಿತಲ್ವಾ, ಎರಡರಲ್ಲೂ ಎಫ್‌ಡಿ ಇಟ್ಟವರಿಗೆ ಈಗ ಒಂದೇ ಮಿತಿ.

ಮಂಡ್ಯದ ಹುಡುಗ:
ಅಪ್ಪನದು ಎರಡರಲ್ಲೂ ಇತ್ತು! ಸಂಜೆ ರಸೀದಿಗಳನ್ನೆಲ್ಲ ತೆಗೆದು ಕೂಡಿಸುತ್ತೇನೆ.