ತಂದೆ, ಮಗಳು ಇಬ್ಬರೂ ಬಲಕ್ಕೇ ನೋಡುತ್ತಿದ್ದಾರೆ: ಸಂಕಲನದಲ್ಲಿ ಸರಿಪಡಿಸಬಹುದೇ?

ಅಂತಿಮ ವರ್ಷದ ವಿದ್ಯಾರ್ಥಿನಿ
ನಾವು ನಾಲ್ವರು ಸೇರಿ ಏಳು ನಿಮಿಷದ ಕಿರುಚಿತ್ರವೊಂದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿದ್ದೇವೆ. ಅಡುಗೆಮನೆಯ ಮೇಜಿಗೆ ಎದುರುಬದುರು ಕುಳಿತ ತಂದೆ, ಮಗಳು ಓದು ನಿಲ್ಲಿಸುವ ವಿಷಯಕ್ಕೆ ಮಾತಿಗೆ ಮಾತು ಬೆಳೆಸುವ ದೃಶ್ಯವೇ ಅದರ ಜೀವಾಳ. ತಂದೆಯ ಶಾಟ್‌ಗಳನ್ನು ಒಲೆಯ ಕಡೆಯಿಂದಲೂ, ಜಾಗ ಸಾಲದ ಕಾರಣ ಮಗಳ ಶಾಟ್‌ಗಳನ್ನು ಕಿಟಕಿಯ ಕಡೆಯಿಂದಲೂ ತೆಗೆದೆವು. ಜೋಡಿಸಿ ನೋಡಿದರೆ ಇಬ್ಬರೂ ಪರದೆಯ ಬಲಕ್ಕೇ ನೋಡುತ್ತಾ, ಹೊರಗಿರುವ ಮೂರನೆಯವರೊಬ್ಬರೊಡನೆ ಜಗಳವಾಡುತ್ತಿರುವಂತೆ ಕಾಣುತ್ತದೆ. ಮರುಚಿತ್ರೀಕರಣಕ್ಕೆ ಸಿಗುವುದು ಒಂದೇ ಮಧ್ಯಾಹ್ನ.

ಸಂಕಲನದ ಮೇಜಿನಿಂದ
ಇದು 180 ಡಿಗ್ರಿ ನಿಯಮ ತಪ್ಪಿದ್ದರ ಫಲ. ಮಾತನಾಡುವ ಇಬ್ಬರ ನಡುವೆ ಒಂದು ಗೆರೆ ಎಳೆದಂತೆ ಊಹಿಸಿಕೊಂಡು ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿ ಇರಿಸಿದರೆ ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ ನೋಡುತ್ತಾರೆ. ನೀವು ಗೆರೆ ದಾಟಿದ್ದೀರಿ. ಮಗಳ ಶಾಟ್ ಅನ್ನು ಸಾಫ್ಟ್‌ವೇರ್‌ನಲ್ಲಿ ಎಡಬಲ ತಿರುಗಿಸಿ ನೋಡಿದಿರಾ?

ಅಂತಿಮ ವರ್ಷದ ವಿದ್ಯಾರ್ಥಿನಿ
ನೋಡಿದೆವು, ಸರ್. ದೃಷ್ಟಿಯ ದಿಕ್ಕು ಸರಿಯಾಯಿತು, ಆದರೆ ಮೂಗುತಿ ಎಡಗಡೆಯಿಂದ ಬಲಗಡೆಗೆ ಹಾರಿತು, ಹಿಂದಿನ ಗೋಡೆಯ ಕ್ಯಾಲೆಂಡರಿನ ಅಂಕಿಗಳೆಲ್ಲ ತಿರುಗುಮುರುಗಾದವು.

ನಿಯಮಗಳಾಚೆ
ಗೆರೆ ದಾಟುವುದನ್ನು ಅಪರಾಧವೆಂಬಂತೆ ಹೇಳುವುದೇ ನನಗೆ ಒಪ್ಪಿಗೆಯಿಲ್ಲ. ಜಪಾನಿನ ಚಿತ್ರ ನಿರ್ದೇಶಕ ಯಸುಜಿರೊ ಓಜು ಸಂಭಾಷಣೆಯ ದೃಶ್ಯಗಳಲ್ಲಿ ಈ ಗೆರೆಯನ್ನು ಲೆಕ್ಕಿಸದೆಯೇ ಕ್ಯಾಮೆರಾ ಇಡುತ್ತಿದ್ದರು, ಅವರ ಚಿತ್ರಗಳನ್ನು ಇಂದಿಗೂ ಜಗತ್ತು ನೋಡುತ್ತಿದೆ. ತಂದೆ, ಮಗಳ ಸಂಬಂಧ ಹಳಸಿದ ದೃಶ್ಯದಲ್ಲಿ ದಿಕ್ಕು ತಪ್ಪಿದಂತೆ ಕಾಣುವುದು ಅರ್ಥಪೂರ್ಣವಾಗಲೂಬಹುದು.

ಸಂಕಲನದ ಮೇಜಿನಿಂದ
ಓಜು ಅವರ ಉದಾಹರಣೆ ಸರಿಯಾದದ್ದೇ, ಆದರೆ ಅದು ನಿಮ್ಮ ವಾದಕ್ಕಿಂತ ನನ್ನದಕ್ಕೆ ಹೆಚ್ಚು ಬಲ ಕೊಡುತ್ತದೆ. ಚಾಪೆಯ ಮೇಲೆ ಕುಳಿತವರ ಕಣ್ಣಿನ ಮಟ್ಟಕ್ಕಿಂತಲೂ ತಗ್ಗಿನಲ್ಲಿ ಕ್ಯಾಮೆರಾ ಇಟ್ಟು, ಇಬ್ಬರನ್ನೂ ಒಂದೇ ಅಳತೆಯಲ್ಲಿ, ಬಹುತೇಕ ಕ್ಯಾಮೆರಾವನ್ನೇ ನೋಡುವಂತೆ ಕೂರಿಸಿ, ಆ ಕ್ರಮವನ್ನು ಚಿತ್ರದುದ್ದಕ್ಕೂ ಅವರು ಬಿಡಲಿಲ್ಲ. ಜಾಗ ಸಾಲದೆ ಒಂದು ದೃಶ್ಯದಲ್ಲಿ ಮಾತ್ರ ಗೆರೆ ದಾಟಿದಾಗ ಪ್ರೇಕ್ಷಕನು ಸಂಬಂಧದ ಬಿರುಕನ್ನು ಕಾಣುವುದಿಲ್ಲ, ಮಗಳು ಎಲ್ಲಿ ಕುಳಿತಿದ್ದಾಳೆಂದು ಹುಡುಕುತ್ತಾನೆ.

ನಿಯಮಗಳಾಚೆ
ಕ್ರಮವಿರಬೇಕೆಂಬುದನ್ನು ಒಪ್ಪುತ್ತೇನೆ. ಆದರೂ ನಡುವೆ ಕಾಫಿ ಲೋಟ ಹಿಡಿದ ಕೈಯ ಸಮೀಪದ ಶಾಟ್ ಒಂದನ್ನು ಸೇರಿಸಿದರೆ ಸಾಕಾಗುವಾಗ, ಮುಖದಲ್ಲಿ ಮೂಡಿದ ಒಳ್ಳೆಯ ಅಭಿನಯವನ್ನು ಏಕೆ ಬಿಸಾಡಬೇಕು?

ಸಂಕಲನದ ಮೇಜಿನಿಂದ
ಲೋಟದ ಶಾಟ್ ಒಂದು ಸಲ ದಾಟುವುದನ್ನು ಮರೆಸುತ್ತದೆ; ಇಲ್ಲಿ ಪ್ರತಿ ಮಾತಿಗೂ ದಾಟಬೇಕು. ಪ್ರತಿ ಸಲವೂ ಲೋಟ ತೋರಿಸಿದರೆ ಚಿತ್ರ ಕಾಫಿಪುಡಿಯ ಜಾಹೀರಾತಾದೀತು! ಮೊಬೈಲ್ ಅನ್ನು ಒಲೆಯ ಕಟ್ಟೆಯ ಮೇಲೆಯೇ ಒರಗಿಸಿ ಮಗಳ ಶಾಟ್‌ಗಳನ್ನಷ್ಟೇ ಮತ್ತೆ ತೆಗೆಯಿರಿ. ಜಾಗ ಸಾಲದೆಂದು ವೈಡ್ ಲೆನ್ಸ್‌ಗೆ ಹೋಗಬೇಡಿ, ಅಂಚಿಗೆ ಬಂದ ಮುಖ ಎಳೆದಂತಾಗುತ್ತದೆ.

ಧ್ವನಿಗ್ರಾಹಕಿ
ಇಬ್ಬರೂ ಚಿತ್ರವನ್ನೇ ಹಿಡಿದು ವಾದಿಸುತ್ತಿದ್ದೀರಿ. ಯಾರು ಮಾತನಾಡುತ್ತಾರೋ ಅವರ ಮುಖವನ್ನೇ ತೋರಿಸಬೇಕೆಂಬ ಹಟದಿಂದಲೇ ವಿದ್ಯಾರ್ಥಿಗಳ ಚಿತ್ರಗಳು ಟೇಬಲ್ ಟೆನಿಸ್ ಆಟದಂತಾಗುತ್ತವೆ. ತಂದೆಯ ಮಾತು ಮಗಳ ಮುಖದ ಮೇಲೆಯೇ ಮೊದಲು ಕೇಳಿಸಿ, ಒಂದೆರಡು ಸೆಕೆಂಡುಗಳ ನಂತರ ಅವರ ಮುಖ ಬರಲಿ. ಜೆ ಕಟ್ ಎನ್ನುವುದು ಇದನ್ನೇ. ಆಗ ಕತ್ತರಿಸುವ ಸ್ಥಳಗಳೂ ಕಡಿಮೆಯಾಗುತ್ತವೆ. ಮರುಚಿತ್ರೀಕರಣದ ದಿನ ಯಾರೂ ಮಾತನಾಡದೆ ಅಡುಗೆಮನೆಯ ಬರಿಯ ಸದ್ದನ್ನು ಅರ್ಧ ನಿಮಿಷ ದಾಖಲಿಸಿಕೊಳ್ಳಿ, ಮಾತಿನ ನಡುವಿನ ಖಾಲಿ ಜಾಗಗಳನ್ನು ತುಂಬಲು ಅದು ಬೇಕೇ ಬೇಕು.

ಅಂತಿಮ ವರ್ಷದ ವಿದ್ಯಾರ್ಥಿನಿ
ಮಗಳ ಶಾಟ್‌ಗಳನ್ನು ಒಲೆಯ ಕಡೆಯಿಂದ ಮತ್ತೆ ತೆಗೆಯುತ್ತೇವೆ. ಆ ಕಡೆ ಟ್ಯೂಬ್‌ಲೈಟ್ ಇದ್ದು, ಮೊದಲ ಪ್ರಯತ್ನದಲ್ಲಿ ಗೋಡೆಯ ಮೇಲೆ ಪಟ್ಟೆಗಳು ಹರಿದಾಡಿದ್ದವು. ಶಟರ್, ಅಂದರೆ ಪ್ರತಿ ಫ್ರೇಮಿಗೂ ಬೆಳಕು ಬೀಳುವ ಅವಧಿ, 1/60 ಸೆಕೆಂಡ್ ಇತ್ತು.

ಸಂಕಲನದ ಮೇಜಿನಿಂದ
ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಹಳೆಯ ಚೋಕ್ ಇರುವ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/50 ಇಟ್ಟರೆ ಪ್ರತಿ ಫ್ರೇಮಿನಲ್ಲೂ ಸರಿಯಾಗಿ ಎರಡು ಮಿನುಗುಗಳು ದಾಖಲಾಗುತ್ತವೆ, ಪಟ್ಟೆಗಳು ಹೋಗುತ್ತವೆ. ಸೆಕೆಂಡಿಗೆ 25 ಫ್ರೇಮ್ ಇರಲಿ, ಚಿತ್ರದ ಬೆಳಕು ತಾನಾಗಿ ಏರಿಳಿಯದಂತೆ ಎಕ್ಸ್‌ಪೋಷರ್ ಲಾಕ್ ಮಾಡಿ. ಮಗಳು ಮೂಗುತಿಯನ್ನು ಮರೆಯದೆ ಹಾಕಿಕೊಂಡು ಬರಲಿ.